ಕಡಲ ತಳದ ಊರಿನಲ್ಲಿ ಬಾಡಿಗೆಯ ಮನೆ

ಹಾಲೆಂಡು ದೇಶದ ಈಶಾನ್ಯ ಪೋಲ್ಡರಿನಲ್ಲಿ ನಾಗೆಲೆ ಎಂಬ ಒಂದು ಸಣ್ಣ ಊರಿದೆ. ಸುತ್ತಲೂ ಕಟ್ಟೆ ಹಾಕಿ, ಒಳಗಿನ ನೀರನ್ನು ಯಂತ್ರಗಳಿಂದ ಎತ್ತಿ ಹೊರಚೆಲ್ಲಿ ಒಣಗಿಸಿದ ನೆಲಕ್ಕೆ ಆ ನಾಡಿನವರು ಪೋಲ್ಡರೆಂದು ಹೆಸರಿಟ್ಟಿರುವರು. ನಾಗೆಲೆಯ ನೆಲ ಸಮುದ್ರದ ಮಟ್ಟಕ್ಕಿಂತ ಕೆಳಗೆ ಇದೆ. ಊರಿನ ಸುತ್ತ ಮರಗಳ ದಟ್ಟವಾದ ಪಟ್ಟಿ, ನಡುವೆ ಕೆರೆಯಂಗಳದಷ್ಟು ವಿಶಾಲವಾದ ಹುಲ್ಲುಬಯಲು, ಆ ಬಯಲಿನಲ್ಲಿ ಶಾಲೆಗಳು, ದೇವಾಲಯಗಳು. ಬಯಲನ್ನು ಬಳಸಿ ಚಪ್ಪಟೆ ಮಾಡಿನ ಸಾಲುಮನೆಗಳು. ಮಕ್ಕಳು ಮನೆಯಿಂದ ಶಾಲೆಗೆ ಹುಲ್ಲಿನ ಮೇಲೆಯೇ ನಡೆದು ಹೋಗುವಂತೆ ಊರನ್ನು ರಚಿಸಿದ್ದಾರೆ. ಗಾಳಿ ಮರಗಳಲ್ಲಿ ಸಿಕ್ಕಿ ನಿಲ್ಲುವುದರಿಂದ ಊರೊಳಗೆ ಸದ್ದು ಕಡಮೆ. ಸಂಸಾರಸ್ಥರು ಬಾಡಿಗೆಗೆ ಮನೆ ಹಿಡಿದು ಮಕ್ಕಳನ್ನು ಬೆಳೆಸುವುದಕ್ಕೆ ಇದಕ್ಕಿಂತ ನೆಮ್ಮದಿಯ ಸ್ಥಳವಿಲ್ಲವೆಂದು ನೋಡಿದವರಿಗೆ ತೋರಬಹುದು. ಆದರೆ ಈ ನೆಮ್ಮದಿ ಹಳೆಯ ಹಳ್ಳಿಗಳಲ್ಲಿರುವಂತೆ ತಲೆಮಾರುಗಳ ಒಡನಾಟದಿಂದ ತಾನಾಗಿ ಕೂಡಿಬಂದುದಲ್ಲ. ನೆಲವನ್ನು ಹೇಗೆ ಮಾಡಿದರೋ ಹಾಗೆಯೇ ಇದನ್ನೂ ಮಾಡಿದರು. ಮನೆಗಳನ್ನು ಕಟ್ಟುವ ಮೊದಲು ಮನೆಗಳಲ್ಲಿ ಇರತಕ್ಕವರನ್ನು ಆರಿಸಿದರು. ಆ ಆಯ್ಕೆಯ ಕಥೆ ನೂರು ವರ್ಷದಷ್ಟು ಹಿಂದಿನಿಂದ ಆರಂಭವಾಗುತ್ತದೆ.

ಆಮ್ಸ್ಟರ್‌ಡಾಮ್ ನಗರದ ಪಶ್ಚಿಮಕ್ಕೆ ಹಾರ್ಲೆಮ್ಮರ್‌ಮೇರ್ ಎಂಬ ದೊಡ್ಡ ಸರೋವರವಿದ್ದಿತು. ಬಿರುಗಾಳಿ ಬೀಸಿದಾಗಲೆಲ್ಲ ಅದು ದಡವನ್ನು ನುಂಗುತ್ತ ನಗರಗಳ ಬಾಗಿಲಿಗೆ ಬರುತ್ತಿದ್ದುದರಿಂದ ಸರಕಾರದವರು ಮೂರು ದೊಡ್ಡ ಉಗಿಯಂತ್ರಗಳ ಸ್ಥಾವರಗಳನ್ನು ನಿಲ್ಲಿಸಿ 1852ರಲ್ಲಿ ಅದನ್ನು ಬತ್ತಿಸಿದರು. ಸುಮಾರು 18,000 ಹೆಕ್ಟೇರು ಭೂಮಿ ಕೈಗೆ ಬಂದಿತು. ಅದುವರೆಗಿನ ಕೆಲಸ ಎಂಜಿನಿಯರರದು, ಅದು ಲೋಕಪ್ರಸಿದ್ಧವಾಯಿತು. ಮುಂದಿನ ಕೆಲಸಕ್ಕೆ ಮಾತ್ರ ಯಾರೂ ಹೊಣೆಯಾಗಲಿಲ್ಲ. ಸರಕಾರ ಭೂಮಿಯನ್ನು ಹರಾಜು ಹಾಕಿ ಕೈತೊಳೆದುಕೊಂಡಿತು. ಕೊಂಡವರಲ್ಲಿ ಬಹುಮಂದಿ ಹಣವಂತರಾದ ಪಟ್ಟಣಿಗರು. ದುಡಿದವರು ಬಡ ಗೇಣಿದಾರರು, ಕೂಲಿಗಳು. ರಸ್ತೆಯಿಲ್ಲ, ಕುಡಿಯುವ ನೀರಿಲ್ಲ, ಶಾಲೆಯಿಲ್ಲ, ವೈದ್ಯನಿಲ್ಲ. ಜೊಂಡು ಹುಲ್ಲುಗಳ ಗುಡಿಸಲುಗಳಲ್ಲಿ ಸಂಸಾರಗಳು ಒದ್ದೆನೆಲದ ಮೇಲೆ ಮಲಗಿದುವು. ಕಾಲರಾ ಬಂದಿತು, ಚಳಿಜ್ವರ ಬಂದಿತು. ಮೊದಲು ಬಂದವರಲ್ಲಿ ಎಷ್ಟೋ ಮಂದಿ ಸತ್ತರು, ಎಷ್ಟೋ ಮಂದಿ ಸಾಲದಲ್ಲಿ ಮುಳುಗಿ ಬರಿಗೈಯಲ್ಲಿ ಹಿಂದಿರುಗಿದರು. ಆ ನೆಲ ಬಳಿಕ ಸಮೃದ್ಧವಾಯಿತು ನಿಜ. ಆದರೆ ಅದರ ಫಲವನ್ನು ಉಂಡವರು ಎರಡನೆಯ ಮೂರನೆಯ ತಲೆಯವರು. ಡಚ್ಚರು ಈ ಕಹಿಯನ್ನು ಮರೆಯಲಿಲ್ಲ. ಇನ್ನೊಮ್ಮೆ ಕಡಲಿನಿಂದ ನೆಲವನ್ನು ತೆಗೆದರೆ ಅದನ್ನು ಜನರ ಮೇಲೆ ಎಸೆದು ಬಿಡಬಾರದೆಂಬ ಭಾವನೆ ಆಗಿನಿಂದ ಆ ದೇಶದ ಅಧಿಕಾರಿಗಳ ಮನಸ್ಸಿನಲ್ಲಿ ನೆಲೆಸಿತು.

ಹಳೆಯ ಹಳ್ಳಿಗಳಲ್ಲಿಯಾದರೂ ಕೂಲಿಯ ಸಂಸಾರದ ಸ್ಥಿತಿ ಉತ್ತಮವಾಗಿರಲಿಲ್ಲ. ಒಂದೇ ಕೋಣೆ, ಗೋಡೆಯಲ್ಲಿ ಕಪಾಟಿನಂತೆ ಕೊರೆದ, ಬಾಗಿಲು ಮುಚ್ಚುವ ಹಾಸಿಗೆಯ ಗೂಡು, ಅದರಲ್ಲಿ ತಂದೆತಾಯಿ, ಮಕ್ಕಳು. ಡ್ರೆಂಟೆ ಪ್ರಾಂತದ ಜವುಗುನೆಲದಲ್ಲಿ ಹುಲ್ಲುಹೆಂಟೆಗಳನ್ನು ಒಟ್ಟಿ ಕಟ್ಟಿದ ಗುಡಿಸಲುಗಳು ಇಪ್ಪತ್ತನೆಯ ಶತಮಾನದವರೆಗೂ ಇದ್ದುವು. ಎಷ್ಟೋ ಕಡೆ ಮನೆ ರೈತನದೇ. ಕೂಲಿ ಬಿಟ್ಟರೆ ಮನೆಯನ್ನೂ ಬಿಡಬೇಕು. ಧಣಿಯೊಡನೆ ಒಂದು ಮಾತು ಹೆಚ್ಚುಕಡಮೆಯಾದರೆ ಹೆಂಡತಿ ಮಕ್ಕಳು ಬೀದಿಯಲ್ಲಿ ನಿಲ್ಲುವ ಭಯ. ಇಂತಹ ಕಾಲದಲ್ಲಿ, 1901ರಲ್ಲಿ, ಪೀರ್ಸನ್ ಮಂತ್ರಿಮಂಡಲದವರು ವಸತಿಯ ಕಾಯಿದೆಯನ್ನು ಮಾಡಿದರು. ಪ್ರತಿಯೊಂದು ಪುರಸಭೆಯೂ ಮನೆ ಕಟ್ಟುವುದಕ್ಕೆ ನಿಯಮಗಳನ್ನು ವಿಧಿಸಬೇಕು. ವಾಸಕ್ಕೆ ಯೋಗ್ಯವಲ್ಲದ ಮನೆಯನ್ನು ಹಾಗೆಂದು ಸಾರಿ ತೆರವು ಮಾಡಿಸಬಹುದು. ಲಾಭವನ್ನು ಬಯಸದೆ ಬಾಡಿಗೆಯ ಮನೆಗಳನ್ನು ಕಟ್ಟುವ ಸಂಘಗಳಿಗೆ ರಾಜ್ಯದ ಬೊಕ್ಕಸದಿಂದ ಸಾಲ ಕೊಡಬಹುದು. ಕಾಯಿದೆಯ ಸಾರ ಇಷ್ಟೆ. ಇಂದು ಆ ದೇಶದಲ್ಲಿ ಇಂತಹ ಸಂಘಗಳ ಕೈಯಲ್ಲಿ ಸುಮಾರು 23 ಲಕ್ಷ ಮನೆಗಳಿವೆ. 1918ರಲ್ಲಿ ಹೊಲದ ಕೂಲಿಗಳಿಗೆಂದೇ ಇನ್ನೊಂದು ಕಾಯಿದೆ ಬಂದು, ತುಂಡು ಭೂಮಿಯೊಡನೆ ಮನೆ ಮಾಡಿಕೊಳ್ಳಲು ಅವರಿಗೆ ನೆರವು ದೊರೆಯಿತು.

ಮನೆ ಒಳ್ಳೆಯದಾದರೆ ಸಾಲದು, ಒಳಗಿರುವವರೂ ಒಳ್ಳೆಯವರಾಗಬೇಕು ಎಂಬ ಎಣಿಕೆ ಈ ಸುಧಾರಣೆಗೆ ಒಡಹುಟ್ಟಾಗಿ ಬಂದಿತು. ಲಂಡನ್ ನಗರದ ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಬಡವರ ಮನೆಗಳ ಬಾಡಿಗೆಯನ್ನು ವಾರ ವಾರ ತಾನೇ ಹೋಗಿ ವಸೂಲು ಮಾಡುತ್ತ, ಆ ನೆವದಿಂದ ಮನೆವಾರ್ತೆಯನ್ನು ನೋಡಿ ಬುದ್ಧಿ ಹೇಳುವ ಪದ್ಧತಿಯನ್ನು ಹಾಕಿದ್ದಳು. ಆಕೆಯ ಬಳಿ ಕಲಿತು ಬಂದ ಯೊಹಾನ್ನಾ ತೆರ್ ಮ್ಯೂಲೆನ್ ಆಮ್ಸ್ಟರ್‌ಡಾಮಿನಲ್ಲಿ ಅದನ್ನು ಆರಂಭಿಸಿದಳು. ಬಹುಬೇಗ ವಸತಿಯ ಮೇಲ್ವಿಚಾರಕಿ ಎಂಬ ಉದ್ಯೋಗವೇ ಏರ್ಪಟ್ಟಿತು. ಈ ಹೆಂಗಸರು ಬಾಡಿಗೆಯ ಪುಸ್ತಕ ಹಿಡಿದು ಒಳಗೆ ಬರುವರು. ನೆಲ ತೊಳೆದಿದೆಯೆ, ಮಕ್ಕಳು ಶಾಲೆಗೆ ಹೋಗುತ್ತಿವೆಯೆ, ಗಂಡ ಕುಡಿಯುವನೆ ಎಂಬುದನ್ನೆಲ್ಲ ಗಮನಿಸುವರು. ಅವರಿಂದ ಎಷ್ಟೋ ಮನೆಗಳಿಗೆ ಉಪಕಾರವಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ದಾರಿಯ ಕೊನೆ ಎಲ್ಲಿಗೆ ಹೋಗುತ್ತದೆಂಬುದನ್ನು ಆಮ್ಸ್ಟರ್‌ಡಾಮಿನ ಉತ್ತರಭಾಗದ ಆಸ್ಟರ್‌ಡಾರ್ಪ್ ತೋರಿಸಿತು. ಹೆಸರಿಗೆ ಅದು ಹೂವಿನ ಹಳ್ಳಿ. ಸಾಧಾರಣ ಬಾಡಿಗೆಮನೆಗೆ ಸೇರಿಸಿಕೊಳ್ಳತಕ್ಕವರಲ್ಲವೆಂದು ಪುರಸಭೆ ತೀರ್ಮಾನಿಸಿದ ಸಂಸಾರಗಳನ್ನು ತಿದ್ದುವುದಕ್ಕಾಗಿ 1920ರ ದಶಕದಲ್ಲಿ ಅದನ್ನು ಕಟ್ಟಿದರು. ಸುತ್ತಲೂ ಗೋಡೆ, ಒಂದೇ ಹೆಬ್ಬಾಗಿಲು. ಅಲ್ಲಿಯ ವಿಳಾಸ ಕೊಟ್ಟವನಿಗೆ ಕೆಲಸ ಸಿಕ್ಕುವುದೂ ಕಷ್ಟವಾಯಿತು. ಯುದ್ಧಕಾಲದಲ್ಲಿ ಜರ್ಮನರ ಆಡಳಿತ ಯೆಹೂದಿ ಸಂಸಾರಗಳನ್ನು ಅದೇ ಗೋಡೆಗಳ ಒಳಗೆ ತಂದು ಇರಿಸಿತು. 1950ರ ದಶಕದಲ್ಲಿ ಮನೆಗಳನ್ನು ಕೆಡವಿದರು. ಹೆಬ್ಬಾಗಿಲಿನ ಕಟ್ಟಡ ಮಾತ್ರ ಉಳಿದಿದೆ.

ಇಷ್ಟು ಹಿನ್ನೆಲೆಯೊಡನೆ ಕಡಲಿನ ಕಡೆಗೆ ತಿರುಗಬೇಕು. ದೇಶದ ಹೊಟ್ಟೆಯೊಳಕ್ಕೆ ನುಗ್ಗಿದ್ದ ಜೈಡರ್‌ಜೀ ಎಂಬ ಕೊಲ್ಲಿಗೆ ಅಡ್ಡಗಟ್ಟೆ ಹಾಕುವ ಯೋಜನೆಯನ್ನು ಎಂಜಿನಿಯರ್ ಕಾರ್ನೆಲಿಸ್ ಲೆಲಿ ಬಹುಕಾಲ ಮೊದಲೇ ಸಿದ್ಧಪಡಿಸಿದ್ದನು. 1916ರ ಜಲಪ್ರಳಯವೂ ಮಹಾಯುದ್ಧದ ಕಾಲದ ಅನ್ನದ ಅಭಾವವೂ ಸೇರಿ 1918ರಲ್ಲಿ ಶಾಸನವಾಯಿತು. ಆಗ ಲೆಲಿಯೇ ಮಂತ್ರಿ. ವೀರಿಂಗರ್‌ಮೇರ್ ಎಂಬ ಮೊದಲನೆಯ ಪೋಲ್ಡರು 1930ರಲ್ಲಿ ಒಣಗಿತು. 1932ರಲ್ಲಿ ದೊಡ್ಡ ಅಡ್ಡಗಟ್ಟೆ ಮುಗಿಯಿತು. ಹಾರ್ಲೆಮ್ಮರ್‌ಮೇರಿನ ಪಾಠ ಇಲ್ಲಿ ಫಲಿಸಿತು. ನೆಲವನ್ನು ಮಾರಲಿಲ್ಲ. ಕೆಲವು ವರ್ಷ ಸರಕಾರವೇ ಉಪ್ಪನ್ನು ತೊಳೆದು, ಕಾಲುವೆ ತೋಡಿ, ಬೆಳೆ ತೆಗೆದು, ಮನೆ ಕೊಟ್ಟಿಗೆಗಳನ್ನು ಕಟ್ಟಿ, ಆಮೇಲೆ ಗೇಣಿಗೆ ಕೊಟ್ಟಿತು. ಎಲ್ಲವೂ ಒಬ್ಬನೇ ಒಡೆಯನದಾಗಿರುವಾಗ ಯಾರಿಗೆ ಕೊಡಬೇಕೆಂಬ ಪ್ರಶ್ನೆಯೂ ಅವನದೇ ಆಗುವುದಷ್ಟೆ.

ಈಶಾನ್ಯ ಪೋಲ್ಡರು ಎರಡನೆಯದು. 48,000 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ಎಕರೆ. ಅದರ ಕಟ್ಟೆ 1940ರ ಡಿಸೆಂಬರಿನಲ್ಲಿ ಕೂಡಿತು. ಆಗ ದೇಶ ಜರ್ಮನರ ವಶದಲ್ಲಿದ್ದಿತು. ಕೆಲಸ ನಿಲ್ಲಲಿಲ್ಲ, ಅನ್ನ ಬೆಳೆಯುವ ನೆಲವೆಂದು ಜರ್ಮನರೂ ಅಡ್ಡಿ ಮಾಡಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ನೆಲ ಒಣಗಿತೆಂದು ಸಾರಿದರು. ಜರ್ಮನಿಗೆ ಕೂಲಿಗೆ ಒಯ್ಯಲ್ಪಡುವ ಭಯದಿಂದ ತಲೆಮರೆಸಿಕೊಂಡ ಯುವಕರು ಸಾವಿರಗಟ್ಟಲೆಯಾಗಿ ಈ ಕೆಸರಿನ ಬಯಲಿನ ಕೂಲಿ ಶಿಬಿರಗಳಿಗೆ ಬಂದು ಸೇರಿದರು. ಪೋಲ್ಡರಿನ ಡಚ್ ಹೆಸರಿನ ಮೂರು ಮೊದಲಕ್ಷರಗಳನ್ನು ಜನರು ತಿರುಚಿ, ಅಡಗಿದವರ ಸ್ವರ್ಗವೆಂದು ಅರ್ಥ ಹೇಳಿ ನಗುತ್ತಿದ್ದರಂತೆ. 1944ರ ನವೆಂಬರ್ 17ರಂದು ಜರ್ಮನರು ಬಯಲನ್ನೆಲ್ಲ ಬಳಸಿ ಸಿಕ್ಕಿದವರನ್ನು ಹಿಡಿದೊಯ್ದರು. ಅಲ್ಲಿಗೆ ಆ ನಗೆ ಮುಗಿಯಿತು.

ಯುದ್ಧ ಮುಗಿದಮೇಲೆ ಈ ನೆಲಕ್ಕಾಗಿ ದೇಶವೆಲ್ಲ ಕಾತರಗೊಂಡಿತು. ನಗರಗಳು ಸುಟ್ಟಿದ್ದುವು, ಮನೆಗಳಿಗೆ ಬರಗಾಲ. ಮದುವೆಯಾದ ಮಕ್ಕಳು ತಂದೆಯ ಮನೆಯ ಅಟ್ಟದಲ್ಲಿ ಸಂಸಾರ ಹೂಡಿದ್ದರು. ರೈತರ ಕಿರಿಯ ಮಕ್ಕಳಿಗೆ ಹೊಲವಿಲ್ಲ. ಒಂದು ಹೊಲಮನೆಗೆ ಅನೇಕ ಅರ್ಜಿಗಳು ಬಂದುವು. ಪೋಲ್ಡರಿನ ಆಡಳಿತವನ್ನು ಲಾಂಡ್‌ಡ್ರಾಸ್ಟ್ ಎಂಬ ಹಳೆಯ ಕಾಲದ ಬಿರುದಿನಿಂದ ಡಾಕ್ಟರ್ ಸ್ಮೇಡಿಂಗ್ ನಡೆಸುತ್ತಿದ್ದನು, ವೀರಿಂಗರ್‌ಮೇರಿನಲ್ಲಿ ಪಳಗಿದವನು. ಅಲ್ಲಿ ಆಗ ಚುನಾಯಿತ ಸಭೆಯಿರಲಿಲ್ಲ. ಪುರಸಭೆಯ ಸ್ಥಾನಮಾನ ಬಂದುದು 1962ರಲ್ಲಿ. ಅರ್ಜಿದಾರನ ಬೇಸಾಯದ ಅನುಭವ, ಕೈಯಲ್ಲಿರುವ ಬಂಡವಾಳ, ವಯಸ್ಸು, ಆರೋಗ್ಯ, ಊರಿನ ಸಂಘಸಂಸ್ಥೆಗಳಲ್ಲಿ ಅವನು ವಹಿಸಿದ ಪಾಲು, ಎಲ್ಲವನ್ನೂ ವಿಚಾರಿಸಿದರು. ಕಾಗದದ ಮೇಲೆ ತೇರ್ಗಡೆಯಾದವನ ಮನೆಗೆ ಪರಿಶೀಲಕರು ಹೋದರು.

ಈ ಭೇಟಿಯ ನೆನಪು ಪೋಲ್ಡರಿನ ಹಳೆಯ ಸಂಸಾರಗಳಲ್ಲಿ ಬಹುಕಾಲ ಉಳಿಯಿತು. ಹೆಣ್ಣು ನೋಡುವುದಕ್ಕೆ ಗಂಡಿನ ಕಡೆಯವರು ಬರುವಾಗ ನಮ್ಮ ಮನೆಗಳಲ್ಲಿ ನಡೆಯುವ ಗಡಿಬಿಡಿಯನ್ನು ಬಲ್ಲವರು ಅದನ್ನು ಊಹಿಸಿಕೊಳ್ಳಬಹುದು. ಭೇದವೆಂದರೆ, ಇಲ್ಲಿ ಮದುವೆಯಾಗಿ ಮಕ್ಕಳಿರುವ ಗೃಹಿಣಿಯೇ ಪರೀಕ್ಷೆಗೆ ನಿಲ್ಲಬೇಕು, ಬರುವ ಹೊತ್ತು ಮೊದಲೇ ತಿಳಿಯಬೇಕೆಂದೂ ಇಲ್ಲ. ಅಡಿಗೆಮನೆ ಚೊಕ್ಕಟವೆ, ಮಕ್ಕಳ ಬಟ್ಟೆ ಹೊಲಿದು ಸರಿಯಾಗಿದೆಯೆ, ಕೊಟ್ಟಿಗೆ ಹೇಗಿದೆ, ಗಂಡ ಹೆಂಡಿರು ಹೊಂದಿಕೊಂಡಿರುವರೆ? ನೆರೆಯಿಲ್ಲದ ಬೋಳು ಬಯಲಿನಲ್ಲಿ ಹೆಂಗಸು ಧೈರ್ಯಗೆಟ್ಟರೆ ಬೇಸಾಯವೇ ಕೆಡುವುದೆಂದು ಅಧಿಕಾರಿಗಳು ವಾದಿಸಿದರು. ಅದು ಹುಸಿಮಾತಲ್ಲ, ಹಾರ್ಲೆಮ್ಮರ್‌ಮೇರಿನ ಗುಡಿಸಲುಗಳ ಕಥೆ ಅವರಿಗೆ ತಿಳಿದಿದ್ದಿತು. ಆದರೂ ಇಪ್ಪತ್ತು ವರ್ಷ ಮನೆ ನಡೆಸಿದ ಹೆಂಗಸು, ಒಬ್ಬ ಅಪರಿಚಿತ ಸರಕಾರಿ ನೌಕರನ ಕಣ್ಣು ತನ್ನ ಒಲೆಯ ಮೇಲೆ ಬಿದ್ದಾಗ ಏನೆಂದುಕೊಂಡಳೆಂಬುದನ್ನು ಯಾವ ವರದಿಯೂ ಬರೆದಿಡಲಾರದು. ಗೆದ್ದವರು ಆ ಭೇಟಿಯನ್ನು ಹೆಮ್ಮೆಯಿಂದ ಹೇಳಿಕೊಂಡರು. ಸೋತವರಿಗೆ ಮಾತ್ರ ತಮ್ಮಲ್ಲಿ ಕಂಡ ಕೊರತೆ ಯಾವುದೆಂಬ ಮುಳ್ಳು ಮನಸ್ಸಿನಲ್ಲಿ ಉಳಿದಿರಬೇಕು.

ಅತ್ಯಂತ ಮನಮರುಗುವ ಪಾಡು, ಶಿಬಿರಗಳಲ್ಲಿ ವರ್ಷಗಟ್ಟಲೆ ಕೆಸರು ತುಳಿದ ಯುವಕರದು. ಹೊಲ ಸಿಕ್ಕುವ ಆಸೆಯಿಂದ ರೈತರ ಮಕ್ಕಳು ಕೂಲಿಗಳಾಗಿ ಬಂದು ಕಾಲುವೆ ತೋಡಿದ್ದರು. ಇಂತಹ ಮೊದಲಿಗರಿಗೆ ಆದ್ಯತೆ ಕೊಟ್ಟರು ನಿಜ. ಆದರೆ ಹೊಲಗಳಿಗಿಂತ ಆಸೆ ಹೊತ್ತವರು ಹೆಚ್ಚು. ಅಷ್ಟರಲ್ಲಿ ಬೇರೆ ಹಕ್ಕುದಾರರೂ ಎದ್ದರು. 1944ರಲ್ಲಿ ಮಿತ್ರರಾಷ್ಟ್ರಗಳ ಬಾಂಬುಗಳು ವಾಲ್ಕರೆನ್ ದ್ವೀಪದ ಕಟ್ಟೆಗಳನ್ನು ಒಡೆದು ಉಪ್ಪುನೀರು ನುಗ್ಗಿದ್ದಿತು. ಆ ಸೀಮೆಯ ಹೊಲಗಳನ್ನು ಮತ್ತೆ ಹಂಚುವಾಗ ಕೆಲವು ರೈತರಿಗೆ ಈಶಾನ್ಯ ಪೋಲ್ಡರಿನಲ್ಲಿ ಎಡೆ ಮಾಡಿಕೊಡಬೇಕಾಯಿತು. 1953ರ ಪ್ರಳಯದ ಬಳಿಕ ಇನ್ನಷ್ಟು ಮಂದಿ ಬಂದರು. ಎಲ್ಲರದೂ ನ್ಯಾಯವೇ. ಎಲ್ಲ ನ್ಯಾಯಕ್ಕೂ ಸಾಲುವಷ್ಟು ನೆಲವಿರಲಿಲ್ಲ.

ಜಾತಿಮತಗಳ ಲೆಕ್ಕವೂ ಇದ್ದಿತು. ಕಥೋಲಿಕರು, ಪ್ರೊಟೆಸ್ಟಂಟರು, ಯಾವುದಕ್ಕೂ ಸೇರದವರು ಎಂದು ಆಗಿನ ಡಚ್ ಸಮಾಜ ಕಂಬಗಳಂತೆ ಬೇರೆ ಬೇರೆಯಾಗಿ ನಿಂತಿದ್ದಿತು. ಒಂದೊಂದು ಪಂಗಡಕ್ಕೂ ಬೇರೆ ಶಾಲೆ, ಬೇರೆ ಪತ್ರಿಕೆ. ದೇಶದಲ್ಲಿ ಇರುವ ಪ್ರಮಾಣ ಹೊಸ ನೆಲದಲ್ಲಿಯೂ ಇರಬೇಕೆಂದು ಆಯ್ಕೆಗಾರರು ನೋಡಿಕೊಂಡರು. ಆದುದರಿಂದಲೇ ಕೆಲವೇ ನೂರು ಮನೆಗಳ ಊರಿಗೆ ಮೂರು ಶಾಲೆ, ಮೂರು ದೇವಾಲಯ. ಬೇರೆ ಬೇರೆ ಪ್ರಾಂತಗಳಿಂದ ಬಂದು ಒಬ್ಬರ ಆಡುಮಾತು ಒಬ್ಬರಿಗೆ ವಿಚಿತ್ರವಾಗಿದ್ದ ಈ ಜನರನ್ನು ಕೂಡಿಸಿದುದು ನೆರೆಹೊರೆಯ ಅನಿವಾರ್ಯ. ಹೆರಿಗೆಗೂ ಸುಗ್ಗಿಗೂ ಕರೆಯಲು ಅಕ್ಕತಂಗಿಯರು ಹತ್ತಿರದಲ್ಲಿರಲಿಲ್ಲ. ಪಕ್ಕದ ಮನೆಯವರನ್ನೇ ಕರೆಯಬೇಕು.

ಊರುಗಳ ನಡುವಿನ ದೂರವನ್ನು ಸೈಕಲ್ಲಿನಿಂದ ಅಳೆದರು. ಕೂಲಿಯೂ ಶಾಲೆಯ ಮಗುವೂ ಗಾಳಿಗೆ ಎದುರಾಗಿ ತುಳಿದು ಬರಬಲ್ಲಷ್ಟು ಅಂತರದಲ್ಲಿ, ನಡುವಿನ ಎಮ್ಮೆಲೋರ್ಡ್ ಪಟ್ಟಣದ ಸುತ್ತ ಗಡಿಯಾರದ ಅಂಕೆಗಳಂತೆ ಹತ್ತು ಹಳ್ಳಿಗಳನ್ನು ಇಟ್ಟರು. ನಾಗೆಲೆ ಅವುಗಳಲ್ಲಿ ಒಂದು; ಮಧ್ಯಯುಗದಲ್ಲಿ ಕಡಲು ನುಂಗಿದ ಊರಿನ ಹೆಸರನ್ನು ಅದಕ್ಕೆ ಕೊಟ್ಟರು. ಮಿಕ್ಕ ಹಳ್ಳಿಗಳು ಕೆಂಪು ಹೆಂಚಿನ ಇಳಿಜಾರು ಮಾಡುಗಳಿಂದ ಹಳೆಯ ಹಳ್ಳಿಗಳನ್ನು ನೆನಪಿಗೆ ತರುತ್ತವೆ. ನಾಗೆಲೆಯ ರಚನೆಯನ್ನು ಮಾತ್ರ ಆಮ್ಸ್ಟರ್‌ಡಾಮಿನ ‘ಎಂಟು’, ರಾಟರ್‌ಡಾಮಿನ ‘ಒಪ್‌ಬೌ’ ಎಂಬ ನವ್ಯ ವಾಸ್ತುಶಿಲ್ಪಿಗಳ ಕೂಟಗಳು ವಹಿಸಿಕೊಂಡುವು. ರೀಟ್‌ವೆಲ್ಡ್, ವಾನ್ ಏಸ್ಟೆರೆನ್, ಆಲ್ಡೊ ವಾನ್ ಐಕ್, ತೋಟಗಳಿಗೆ ಮೀನ್ ರೌಸ್ ಎಂಬಾಕೆ. ಅಷ್ಟು ದೊಡ್ಡ ಹೆಸರುಗಳು ಹೊಲದ ಕೂಲಿಗಳ ಬಾಡಿಗೆಮನೆಗಾಗಿ ಕೂಡಿ ಕುಳಿತುದು ಅಪರೂಪವೇ ಸರಿ. 1940ರ ದಶಕದ ಕೊನೆಯಿಂದ ವರ್ಷಗಟ್ಟಲೆ ನಕ್ಷೆ ಬರೆದು ತಿದ್ದಿ, 1950ರ ದಶಕದ ನಡುವೆ ಮನೆ ಕಟ್ಟತೊಡಗಿದರು. ಅಗಸೆ, ಕುದುರೆಮಸಾಲೆಯಂತಹ ಮೇವು, ಸಾಸಿವೆಯ ಜಾತಿಯ ಎಣ್ಣೆಬೀಜ ಇವುಗಳ ಹೆಸರನ್ನು ಮನೆಗಳ ಗುಂಪುಗಳಿಗೆ ಇಟ್ಟರು. ಧಣಿಗೊಂದು ಕೂಲಿಗೊಂದು ಎಂದು ಮಾಡಿನ ಆಕಾರವನ್ನು ಬೇರೆ ಮಾಡಲಿಲ್ಲ. ಊರಿಗೆಲ್ಲ ಒಂದೇ ಚಪ್ಪಟೆ ಮಾಡು. ಹೊಲದ ಜನರಿಗೆ ಅದು ಪೆಟ್ಟಿಗೆಯಂತೆ ಕಂಡಿತೆಂದು ಹೇಳುವುದುಂಟು.

ಹೀಗೆ ದೊರೆತ ಮನೆಯ ಒಳಗೆ ನೋಡಿದರೆ ಬರಿಯ ಗೋಡೆಗಳು. ಡಚ್ ಬಾಡಿಗೆಮನೆಯ ಪದ್ಧತಿ ಇಂದಿಗೂ ಬಹುಮಟ್ಟಿಗೆ ಇದೇ: ನೆಲದ ಹಾಸು, ಪರದೆ, ದೀಪ ಎಲ್ಲವನ್ನೂ ಬಾಡಿಗೆಯವರೇ ತರಬೇಕು, ಬಿಡುವಾಗ ಕಿತ್ತುಕೊಂಡು ಹೋಗಬೇಕು. ನಮ್ಮವರು ಮನೆ ಬದಲಿಸುವಾಗ ಒಲೆ ಪಾತ್ರೆಗಳನ್ನು ಹೊತ್ತೊಯ್ಯುವಂತೆ ಅವರು ಕಾಲಡಿಯ ನೆಲವನ್ನೇ ಸುತ್ತಿಕೊಂಡು ಹೊರಡುತ್ತಾರೆ. ಒಮ್ಮೆ ಹಾಸಿದ ಮೇಲೆ ಬೇಗ ಏಳುವ ಮನಸ್ಸು ಯಾರಿಗೂ ಬಾರದು. ಹಳ್ಳಿಯಲ್ಲಿ ಬಾಡಿಗೆಯವರೂ ದಶಕಗಟ್ಟಲೆ ನೆಲೆಸುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಆಯ್ಕೆಗಾರರು ಎಲ್ಲವನ್ನೂ ಎಣಿಸಿದ್ದರು. ಟ್ರಾಕ್ಟರನ್ನು ಸಾಕಷ್ಟು ಎಣಿಸಿರಲಿಲ್ಲ. ಹತ್ತು ಕೂಲಿಗಳ ಕೆಲಸವನ್ನು ಒಂದು ಯಂತ್ರ ಮಾಡತೊಡಗಿದಾಗ, ಕೂಲಿಗಳಿಗೆಂದು ಕಟ್ಟಿದ ಹಳ್ಳಿಗಳು ನೆನೆಸಿದಷ್ಟು ತುಂಬಲಿಲ್ಲ. ಸೈಕಲ್ಲಿನಿಂದ ಅಳೆದ ದೂರಕ್ಕೆ ಕಾರು ಬಂದುದರಿಂದ ಅರ್ಥ ಹೋಯಿತು; ಅಂಗಡಿಗಳು ಒಂದೊಂದಾಗಿ ಮುಚ್ಚಿದುವು. 1957ರಲ್ಲಿ ಒಣಗಿದ ಪೂರ್ವ ಫ್ಲೆವೊಲಾಂಡಿನಲ್ಲಿ ಮೊದಲು ಹತ್ತರಷ್ಟು ಹಳ್ಳಿಗಳನ್ನು ಯೋಚಿಸಿದ್ದವರು ಕಡೆಗೆ ಮೂರನ್ನು ಮಾತ್ರ ಕಟ್ಟಿದರು. ನಾಗೆಲೆಯ ಕಥೋಲಿಕ ದೇವಾಲಯ ಮುಂದೆ ಊರಿನ ರಚನೆಯನ್ನು ತೋರಿಸುವ ವಸ್ತುಸಂಗ್ರಹಾಲಯವಾಯಿತು. ಹೊಲಗಳಿಗೆ ಹತ್ತಿರವಾಗಲೆಂದು ಇಟ್ಟಿದ್ದ ಮೌನದ ಊರು, ಕೆಲಸಕ್ಕೆ ದೂರ ಹೋಗಿ ಬರುವವರು ಮೌನಕ್ಕಾಗಿಯೇ ಆರಿಸಿಕೊಳ್ಳುವ ಊರಾಯಿತು.

ಮನೆಯೊಳಗೆ ಬಂದು ನೋಡುವ ಪರಿಶೀಲಕನ ಕಾಲ ಮುಗಿಯಿತು. ಈಗ ಅಳೆಯುವುದು ಮನೆಯನ್ನು, ಮನೆಯವರನ್ನಲ್ಲ. ಕೋಣೆಗಳ ವಿಸ್ತಾರ, ಅಡಿಗೆಮನೆ, ಬಚ್ಚಲು, ಕಾವು ಸೋರದಂತೆ ಕಟ್ಟಿದ ಬಗೆ ಇವಕ್ಕೆಲ್ಲ ಅಂಕಗಳನ್ನು ಕೊಟ್ಟು ಬಾಡಿಗೆಯ ಮೇಲ್ಮಿತಿಯನ್ನು ಗೊತ್ತುಮಾಡುವ ಕ್ರಮ 1979ರ ಶಾಸನದಿಂದ ನೆಲೆಗೊಂಡಿತು. 2024ರ ಜುಲೈ 1ರಿಂದ ಅದನ್ನು 186 ಅಂಕಗಳವರೆಗಿನ ನಡುತರದ ಮನೆಗಳಿಗೂ ವಿಸ್ತರಿಸಿದರು. ಒಡೆಯ ಹೆಚ್ಚು ಕೇಳಿದರೆ ಬಾಡಿಗೆಯವನು ಬಾಡಿಗೆ ಮಂಡಲಿಗೆ ದೂರು ಕೊಡಬಹುದು. ವರಮಾನ ಕಡಮೆಯಿರುವವರಿಗೆ ಬಾಡಿಗೆಯ ಭತ್ಯವುಂಟು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ದೊರಕುವುದು ಕಷ್ಟ. ಆದರೆ ಸಂಘಗಳ ಮನೆಗೆ ಹೆಸರು ಬರೆಯಿಸಿದವರು ವರ್ಷಗಟ್ಟಲೆ ಸರದಿ ಕಾಯಬೇಕಾಗಿದೆ. ಹಳ್ಳಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೇ ಹಳ್ಳಿಯಲ್ಲಿ ಬಾಡಿಗೆಗೆ ಮನೆಯಿಲ್ಲವೆಂಬ ಕೂಗು ಎದ್ದುದರಿಂದ, ಮನೆಗಳಲ್ಲಿ ಒಂದು ಪಾಲನ್ನು ಸ್ಥಳದ ಸಂಬಂಧವುಳ್ಳವರಿಗೆ ಮೀಸಲಿಡಲು ಪುರಸಭೆಗಳಿಗೆ ಶಾಸನವು ಅಧಿಕಾರ ಕೊಟ್ಟಿದೆ. ಯಾರು ಊರಿನವರು, ಯಾರಿಗೆ ಬೀಗದಕೈ ಎಂಬ ಪ್ರಶ್ನೆ ಹೀಗೆ ಬೇರೊಂದು ಬಾಗಿಲಿನಿಂದ ಒಳಗೆ ಬಂದಿದೆ.

ನಾಗೆಲೆಯಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಬಯಲಿನ ನಡುವೆ ಉದ್ದನೆಯ ದಿಬ್ಬವೊಂದು ಕಾಣುತ್ತದೆ. ಅದು ಷೋಕ್‌ಲಾಂಡ್, ಪೋಲ್ಡರು ಒಣಗುವವರೆಗೆ ದ್ವೀಪವಾಗಿದ್ದಿತು. ಕಡಲು ಅದನ್ನು ಕೊರೆಯುತ್ತಲೇ ಇದ್ದುದರಿಂದ 1859ರಲ್ಲಿ ರಾಜಾಜ್ಞೆಯಂತೆ ಬೆಸ್ತರು, ಅವರ ಹೆಂಡಿರು ಮಕ್ಕಳು ಎಲ್ಲ ಸೇರಿ ಅಲ್ಲಿದ್ದ ಆರುನೂರಕ್ಕೂ ಮಿಕ್ಕ ಜನರನ್ನು ತೆರವು ಮಾಡಿಸಿ, ಮನೆಗಳನ್ನು ಕೆಡವಿಸಿದರು. ಅವರು ಸುತ್ತಲಿನ ಕರಾವಳಿಯ ಊರುಗಳಿಗೆ ಚೆದರಿ ಹೋದರು. ಆ ದ್ವೀಪದ ಉತ್ತರದ ತುದಿಯಲ್ಲಿದ್ದು ಆಗ ಬರಿದಾದ ಊರಿನ ಹೆಸರು ಎಮ್ಮೆಲೋರ್ಡ್. ಪೋಲ್ಡರಿನ ನಡುವಿನ ಪಟ್ಟಣಕ್ಕೆ ಇಟ್ಟಿರುವುದು ಅದೇ ಹೆಸರು.